ಬಾಯ್ಲರಿನ ನೀರು, ನೀಲಿ ಬೆಳಕು

ವಸತಿಗೃಹದ ಮ್ಯಾನೇಜರು ಬಿಳಿ ಬೆಡ್‌ಶೀಟೊಂದನ್ನು ನಮ್ಮ ಲಾಂಡ್ರಿಯ ಮೇಜಿನ ಮೇಲೆ ಹರಡಿ, ಕಂದು ಚುಕ್ಕೆಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. ಹೋಗುವಾಗ, ಮುಂದಿನ ಸಲವೂ ಹೀಗೇ ಬಂದರೆ ಬೇರೆ ಕಡೆ ಕೊಡುತ್ತೇವೆ ಎಂದರು. ನಮಗೆ ಬರುವ ಬಟ್ಟೆಯಲ್ಲಿ ಮುಕ್ಕಾಲು ಪಾಲು ಅವರದೇ.

ಕಲೆ ತುಕ್ಕಿನದೆಂದು ನನಗೂ ಗೊತ್ತು, ನನ್ನ ಹೆಂಡತಿಗೂ ಗೊತ್ತು. ತುಕ್ಕು ಎಲ್ಲಿಂದ ಬಂತು ಅನ್ನುವುದರಲ್ಲೇ ಜಗಳ. ನಾನು ಆಗಷ್ಟೇ ಸೆಕೆಂಡ್ ಹ್ಯಾಂಡ್ ಮೆಷಿನ್ ತಂದಿದ್ದೆ. ಅವಳಿಗೆ ಅದನ್ನು ಕಂಡರಾಗದು. ಬಿಸಿನೀರಿನ ಬಾಯ್ಲರು ಅವಳಪ್ಪ ಕೊಟ್ಟದ್ದು. ಅದರ ಬಗ್ಗೆ ಸೊಲ್ಲೆತ್ತುವ ಧೈರ್ಯ ನನಗಿಲ್ಲ.

"ನಿಮ್ಮ ಮೆಷಿನ್ನೂ ನಿಮ್ಮ ಹಾಗೇ. ಹೊರಗೆ ಪಾಲಿಶು, ಒಳಗೆ ತುಕ್ಕು" ಅಂದಳು.

ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಳ ತಂಗಿಯ ಮಗಳು, ಜಗಳವನ್ನು ತಾನು ಬಿಡಿಸುತ್ತೇನೆಂದು ಒಂದು ಸೀಸೆ ಹಿಡಿದು ಬಂದಳು. ಒಳಗಿದ್ದದ್ದು ಸಕ್ಕರೆ ಸೀದಂಥ ಕಂದು ನೀರು. ಅದರ ಮೇಲೆ ನೇರಳೆ ಬೆಳಕಿನ ಟಾರ್ಚು ಬಿಟ್ಟಳು. ಸೀಸೆ ನೀಲಿಯಾಗಿ ಬೆಳಗಿತು. ಹೊಳೆಯುವುದು ಅದರೊಳಗಿನ, ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕಣಗಳಂತೆ. ನೀರಿನಲ್ಲಿ ಕಬ್ಬಿಣ ಕರಗಿದ್ದರೆ ಅದು ಈ ಕಣಗಳಿಗೆ ಅಂಟಿಕೊಂಡು ಬೆಳಕನ್ನು ಮಂಕು ಮಾಡುತ್ತದಂತೆ.

ನಲ್ಲಿ, ಮೆಷಿನ್, ಬಾಯ್ಲರು, ಮೂರರ ನೀರನ್ನೂ ನಾನೇ ಪುಟ್ಟ ಬಾಟಲಿಗಳಲ್ಲಿ ಹಿಡಿದುಕೊಟ್ಟೆ. ತುಕ್ಕು ಕರಗಲೆಂದು ಅವಳು ತುಸು ಆಮ್ಲ ಹಾಕಿದಳು, ಆಮೇಲೆ ಸೀಸೆಯ ದ್ರವ. ಮೂರೂ ಒಂದೇ ಸಮ ಹೊಳೆದವು.

"ಇಷ್ಟು ವರ್ಷ ಓದಿಸಿದ್ದು ದೀಪ ಹಚ್ಚೋಕಾ?" ಅಂದಳು ನನ್ನ ಹೆಂಡತಿ.

ಹುಡುಗಿ ಮುಖ ಸಪ್ಪಗೆ ಮಾಡಿಕೊಂಡು ತಿರುಗಿದಾಗ ಟಾರ್ಚಿನ ಬೆಳಕು ನನ್ನ ಅಂಗಿಯ ಮೇಲೆ ಬಿತ್ತು. ಬಿಳಿ ಅಂಗಿಯೂ ನೀಲಿಯಾಗಿ ಹೊಳೆಯಿತು.

"ದೊಡ್ಡಪ್ಪ, ಬಾಟಲಿ ಯಾವುದರಲ್ಲಿ ತೊಳೆದ್ರಿ?"

"ನಮ್ಮ ಸೋಪಿನ ಪುಡೀಲೇ. ಕೈ ಬಿಗಿ ಹಿಡೀದೆ ಹಾಕಿದೀನಿ, ಚೊಕ್ಕಟ ಇರ್ಲಿ ಅಂತ."

ಅವಳು ನಕ್ಕು ನಕ್ಕು ಬಟ್ಟೆಗಂಟಿನ ಮೇಲೆ ಕೂತಳು. ಬಟ್ಟೆ ಬೆಳ್ಳಗೆ ಕಾಣಲೆಂದು ಪುಡಿಯಲ್ಲೇ ಹೊಳೆಯುವ ವಸ್ತು ಬೆರೆಸಿರುತ್ತಾರಂತೆ. ನಾನು ಸರಿಯಾಗಿ ಜಾಲಾಡಿರಲಿಲ್ಲ. ನಾವು ನೋಡಿದ್ದು ಸೋಪಿನ ಬೆಳಕು.

ಮಾರನೇ ದಿನ ಹೊಸ ಬಾಟಲಿ ತಂದಳು. ಮೆಷಿನ್ನನ್ನು ಬರೀ ನಲ್ಲಿ ನೀರಿನಲ್ಲಿ ಮತ್ತೆ ಮತ್ತೆ ಓಡಿಸಿ, ಕೊನೆಯ ನೀರು ಹಿಡಿದಳು. ನಲ್ಲಿಯದು ಹೊಳೆಯಿತು. ಮೆಷಿನ್ನಿನದೂ ಹೊಳೆಯಿತು. ಬಾಯ್ಲರಿನ ಬಾಟಲಿ ಮಾತ್ರ ನಿದ್ದೆಗಣ್ಣಿನ ಹಾಗೆ ಮಿಣುಕಿತು.

ನಾನು ಸೂರು ನೋಡುತ್ತಾ ನಿಂತೆ. ಗೆದ್ದಾಗ ಹೆಂಡತಿಯ ಮುಖ ನೋಡಬಾರದು ಅನ್ನುವಷ್ಟು ಬುದ್ಧಿಯನ್ನು ಸಂಸಾರ ಕಲಿಸಿದೆ. ಅವಳು ಬಾಟಲಿಯನ್ನು ಆಕಡೆ ಈಕಡೆ ತಿರುಗಿಸಿದಳು. ಆಮೇಲೆ ಸ್ಪ್ಯಾನರು ತಂದು ನನ್ನ ಕೈಗಿಟ್ಟಳು.

"ಬಿಚ್ಚಿ. ಅಪ್ಪನ ಸುದ್ದಿ ಎತ್ತಿದ್ರೆ ನೋಡಿ."

ಸ್ಟೀಲಿನ ಹಂಡೆಯಲ್ಲಿ ನೀರು ಕಾಯಿಸಿ ಆ ಸಲದ ಬಟ್ಟೆ ಒಗೆದೆವು. ಮ್ಯಾನೇಜರು ಶೀಟನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ಕಿಟಕಿ ಪರದೆಗಳನ್ನೂ ಒಗೆದುಕೊಡುತ್ತೀರಾ ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಮುಂದೆ ಬಂದಳು.

"ಕಳಿಸಿ ಸಾರ್. ನಮ್ಮ ಮೆಷಿನ್ ಚೆನ್ನಾಗಿದೆ."