ಮಡಿಲಲ್ಲಿ ತಗಡಿನ ಕಾಲು

ಚಪ್ಪಲಿ ಸಪ್ಪಳ, ರಬ್ಬರಿನದು, ಅವನದಲ್ಲ, ನರ್ಸಮ್ಮನದು, ಬಂದಳು, ಬಾಗಿಲು ತಳ್ಳಿದಳು, ಹೋದಳು, ಒಳಗೆ ನನ್ನ ಗಂಡ ಖಾಮ್ಸೈ ಹೊಸ ಕಾಲು ಹಾಕಿಸಿಕೊಳ್ಳುತ್ತಿದ್ದಾನೆ, ನಾನು ಹೊರಗೆ ಬೆಂಚಿನ ಮೇಲೆ ಅವನ ಹಳೆಯ ಕಾಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ, ಶಾಲಿನಲ್ಲಿ ಸುತ್ತಿದ್ದೇನೆ, ಕೂಸನ್ನು ಸುತ್ತಿದ ಹಾಗೆ, ಪಕ್ಕದ ಮುದುಕಿ ಆಗಲೇ ಕೇಳಿದಳು, ಮಗೂಗೆ ಜ್ವರವೇನಮ್ಮಾ, ಅಲ್ಲಜ್ಜಿ, ಇದು ನನ್ನ ಗಂಡನ ಕಾಲು ಎಂದೆ, ಅವಳು ಒಂದು ಗೇಣು ಆಚೆ ಸರಿದು ಕೂತಳು. ತಣ್ಣಗಿದೆ. ಇಪ್ಪತ್ತೆರಡು ವರ್ಷ ಇದು ನಮ್ಮ ಮನೆಯಲ್ಲಿದೆ, ರಾತ್ರಿ ಒಲೆಯ ಪಕ್ಕ ಗೋಡೆಗೊರಗಿ ನಿಂತಿರುತ್ತದೆ, ಇಷ್ಟು ಹೊತ್ತು ತೊಡೆಯ ಮೇಲಿಟ್ಟುಕೊಂಡದ್ದು ಇವತ್ತೇ — ಅವನು ಗದ್ದೆಯಿಂದ ಬಂದು ಕಂಬಗಳ ಮೇಲಿರುವ ನಮ್ಮ ಮನೆಗೆ ಏಣಿ ಹತ್ತುವಾಗ ಟಕ್, ಟಣ್, ಟಕ್, ಟಣ್, ಆ ಸದ್ದು ಕೇಳಿಯೇ ನಾನು ಅಂಟನ್ನದ ಬುಟ್ಟಿ ಬಿಚ್ಚುವುದು, ಒಂಬತ್ತನೆಯ ಮೆಟ್ಟಿಲಿಗೆ ಅವನು ನಿಲ್ಲುತ್ತಾನೆ, ಒಮ್ಮೆ ಕೆಮ್ಮುತ್ತಾನೆ, ಯಾಕೆ ನಿಲ್ಲುತ್ತಾನೆ, ನಾನು ಕೇಳಿದವಳೇ ಅಲ್ಲ. ಮದುವೆಯಾದ ಎರಡನೆಯ ವರ್ಷ, ಬಿದಿರ ಕಳಲೆ ಕೀಳಲು ಹೋದವನ ಗುದ್ದಲಿಗೆ ಮಣ್ಣೊಳಗಿನ ಬೊಂಬಿ ಸಿಕ್ಕಿತು, ಯುದ್ಧದಲ್ಲಿ ವಿಮಾನದವರು ಚೆಲ್ಲಿಹೋದದ್ದು, ಚೆಂಡಿನಷ್ಟು ಸಣ್ಣ ಬಾಂಬು, ಸಿಡಿಯಿತು, ಜೀವ ಉಳಿಯಿತು, ಮೊಣಕಾಲ ಕೆಳಗಿನದು ಹೋಯಿತು, ಆರು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ, ತವರಿಗೆ ಹೋಗು ಪೆಂಗ್, ಇನ್ನೂ ಚಿಕ್ಕವಳು ನೀನು ಎಂದ, ಗೋಡೆಗೇ ಹೇಳಿದ. ಆಗ ನಮ್ಮಣ್ಣ ಲುನ್ ಇದನ್ನು ತಂದ. ಅವನು ಚಮಚ ಎರಕ ಹೊಯ್ಯುವವನು, ವಿಮಾನದಿಂದ ಬಿದ್ದ ಎಣ್ಣೆತೊಟ್ಟಿಯೊಂದು ಅವನ ಹಿತ್ತಲಲ್ಲಿತ್ತು, ಅರ್ಧ ಕತ್ತರಿಸಿ ಹಂದಿಗೆ ಗೋದಲಿ ಮಾಡಿದ್ದ, ಉಳಿದರ್ಧದಲ್ಲಿ ಬಡಿದು ಬಡಿದು ಕಾಲು ಮಾಡಿದ, ಅರ್ಧ ಹಂದಿಗೆ, ಅರ್ಧ ಭಾವನಿಗೆ, ಇಬ್ಬರೂ ಒಂದೇ ಸಮ ಗುರುಗುಡ್ತಾರೆ ನೋಡು ಎಂದು ತಾನೇ ನಕ್ಕ. ಖಾಮ್ಸೈ ಎದ್ದು ಕೂತ, ಮುಖ ಕೆಂಪಗೆ, ನನ್ನ ಕಾಲು ತಿಂದವರ ತಗಡನ್ನೇ ತಂದು ನನಗೆ ಕಟ್ತೀಯಾ, ಹೊರಗೆ ಎಸಿ ಎಂದ, ಎಸೆದೆ, ಮನೆಯ ಕೆಳಗೆ ಮಗ್ಗದ ಪಕ್ಕ, ಹತ್ತು ದಿನ ಕಳೆದು ನೋಡಿದರೆ ನಮ್ಮ ಕಂದು ಕೋಳಿ ಅದರೊಳಗೆ ಮೊಟ್ಟೆಯಿಟ್ಟು ಕಾವಿಗೆ ಕೂತಿದೆ, ಕಾಲಿನ ಬಾಯಲ್ಲಿ ಕೋಳಿಯ ಮುಖ, ನನಗೆ ನಗು ತಡೆಯಲಿಲ್ಲ, ಏನಾಯ್ತೇ ಎಂದು ಒಳಗಿಂದ ಕೂಗಿದ, ನಿನಗೆ ಬೇಡವಾದದ್ದು ಕೋಳಿಗೆ ಒಪ್ಪಿತು, ಬಂದು ನೋಡು ಎಂದೆ, ತೆವಳುತ್ತಾ ಬಾಗಿಲಿಗೆ ಬಂದ, ನೋಡಿದ, ನಕ್ಕ, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮರಿಗಳು ಹೊರಬಿದ್ದ ಮಾರನೆಯ ದಿನ ತಾನೇ ತೊಳೆದು ಕಟ್ಟಿಕೊಂಡ.

ಬಾಗಿಲು. ಡಾಕ್ಟರು, ಹುಡುಗನಂತಿದ್ದಾರೆ, ಅಮ್ಮಾ, ಅವರ ಮೊಣಕಾಲ ಕೆಳಗಿನ ಹುಣ್ಣು ತುಂಬಾ ಹಳೇದು, ಮಾಯ್ದು ಮತ್ತೆ ಒಡೆದು, ಮಾಯ್ದು ಮತ್ತೆ ಒಡೆದು, ಈ ತಗಡಲ್ಲಿ ಹೇಗೆ ಓಡಾಡ್ತಿದ್ರು ಇವರು, ಎಂದರು, ಒಳಗೆ ಹೋದರು. ಯಾವ ಹುಣ್ಣು, ಮೊಂಡುಗಾಲಿಗೆ ಸದಾ ಬಟ್ಟೆ ಸುತ್ತಿರುತ್ತಿದ್ದ, ದೀಪ ಆರಿಸಿದ ಮೇಲೆಯೇ ಬಿಚ್ಚುತ್ತಿದ್ದ. ಶಾಲು ಬಿಚ್ಚುತ್ತೇನೆ, ಒಳಗಿನ ಹತ್ತಿಯ ಮೆತ್ತೆ ನಾನು ಹೊಲಿದದ್ದೇ, ವರ್ಷಕ್ಕೊಂದು, ಹಳೆಯದನ್ನು ಕೊಡು ಅಳತೆ ನೋಡುತ್ತೇನೆ ಎಂದರೆ ಕೊಡುತ್ತಿರಲಿಲ್ಲ, ಅಳತೆ ಅದೇ, ಕಾಲೇನು ಬೆಳೆಯುತ್ತಾ ಎನ್ನುತ್ತಿದ್ದ, ಈಗ ಕೈ ಹಾಕಿ ಎಳೆದರೆ ಕಂದು ಬಣ್ಣದ ಕಲೆ, ಅದರ ಮೇಲೆ ಇನ್ನೊಂದು, ಇವತ್ತಿನದು ಇನ್ನೂ ಒದ್ದೆ — ಸಂಜೆ ಸಂಜೆ ಹಳ್ಳಕ್ಕೆ ಹೋಗುತ್ತಿದ್ದ, ಒಬ್ಬನೇ, ಮನೆಗೆ ಬೆನ್ನು ಹಾಕಿ ಕೂತು ಈ ಮೆತ್ತೆ ತೊಳೆಯುತ್ತಿದ್ದ, ಕೊಡು ಒಗೆದು ಹಾಕುತ್ತೇನೆ ಎಂದರೆ, ನನ್ನ ಕಾಲು ನಾನೇ ತೊಳ್ಕೋತೀನಿ ಹೋಗೇ ಎನ್ನುತ್ತಿದ್ದ, ದೊಡ್ಡ ಜಂಬದವನು ಎಂದು ಅತ್ತಿಗೆಯ ಹತ್ತಿರ ಆಡಿಕೊಂಡು ನಕ್ಕಿದ್ದೇನೆ. ಪೆಂಗ್. ಯಾರೋ ಕರೆದರು, ತಲೆಯೆತ್ತಿದರೆ ಅವನೇ, ಎದುರಿಗೇ ನಿಂತಿದ್ದಾನೆ, ಬಂದದ್ದೇ ಗೊತ್ತಾಗಲಿಲ್ಲ, ಹೊಸ ಪಾದಕ್ಕೆ ಐದು ಬೆರಳೂ ಇವೆ, ಹೇಗಿದೆ ಎಂದ, ನೋಯುತ್ತಿತ್ತಾ ಎಂದೆ, ಯಾವುದು ಎಂದ, ಇದು ಎಂದೆ, ನನ್ನ ಕೈಯಲ್ಲಿದ್ದ ಮೆತ್ತೆ ನೋಡಿದ, ಮುಖ ಆಚೆ ತಿರುಗಿಸಿದ, ಒಂಚೂರು ಎಂದ, ಎಷ್ಟು ವರ್ಷದಿಂದ, ಮೊದಲಿಂದಾನೂ, ಯಾಕೆ ಹೇಳಲಿಲ್ಲ, ಹೇಳಿದ್ರೆ ನಿಮ್ಮಣ್ಣ ಸುತ್ತಿಗೆ ಹಿಡ್ಕೊಂಡು ಬಂದು ಇನ್ನೊಂದು ಕಾಲಿಗೂ ಅಳತೆ ತಗೋತಿದ್ದ ಎಂದ, ನಾನು ನಗಲಿಲ್ಲ, ಆಗ ಮೆಲ್ಲಗೆ, ಆರು ತಿಂಗಳಾದ್ಮೇಲೆ ಅವತ್ತು ಆ ಕೋಳಿ ನೋಡಿ ನಕ್ಕಿದ್ದೆ ಕಣೇ ನೀನು ಎಂದ. ನರ್ಸಮ್ಮ ಬಂದು ಹಳೇ ಕಾಲು ಇಲ್ಲೇ ಬಿಟ್ಟು ಹೋಗಿ ಎಂದಳು, ಇವನು ಬೇಡ ಬೇಡ, ಹೊಸದನ್ನ ಕೆಸರಿಗೆ ಇಳಿಸಬಾರದಂತೆ, ನಾಟಿಗೆ ಅದೇ ಬೇಕು ಎಂದು ಕೈ ಚಾಚಿದ, ಕೆಸರಿಗೆ ನಾನಿಳೀತೀನಿ, ನೀನು ಬದುವಿನ ಮೇಲೆ ನಿಂತು ಬೈತಾ ಇರು ಎಂದೆ, ತಗಡನ್ನು ನರ್ಸಮ್ಮನ ಕೈಗೆ ಕೊಟ್ಟೆ, ಮೆತ್ತೆಯನ್ನು ಕೊಡಲಿಲ್ಲ, ಸೊಂಟಕ್ಕೆ ಸಿಕ್ಕಿಸಿಕೊಂಡೆ, ಅದನ್ನೇನು ಮಾಡ್ತೀಯೇ ಎಂದ, ಒಗೀತೀನಿ ಎಂದೆ. ಮುಂದೆ ನಡೆಯುತ್ತಿದ್ದಾನೆ, ಬಿಸಿಲಿಗೆ, ಸದ್ದಿಲ್ಲದೆ, ಬಸ್ಸಿಗೆ ಇನ್ನೂ ಹೊತ್ತಿದೆ, ಕೈ ಹಿಡಿಯಬೇಕು, ಹಿಡಿದರೆ ಬೈಯುತ್ತಾನೆ, ಹಿಡಿಯುತ್ತೇನೆ, ಆದರೆ ಕಣ್ಣಿಗೆ ಕಾಣುವುದು ಹಳ್ಳ, ದಂಡೆಯ ಕಲ್ಲು, ಇತ್ತ ತಿರುಗದ ಆ ಬೆನ್ನು, ನೀರಿನಲ್ಲಿ ಹಿಂಡುತ್ತಿರುವ ಎರಡು ಕೈ, ಆ ಬೆನ್ನು —