ಬ್ಲಾಸ್ಟಿಂಗ್ ವೈರು

ಬೆಸುಗೆ ಮೂರನೆಯ ಸಲ ಬಿಟ್ಟಾಗ ಗಂಗೋತ್ರಿಗೆ ಸಿಟ್ಟು ಕೂಡ ಬರಲಿಲ್ಲ, ಅಷ್ಟು ದಣಿದಿದ್ದಳು. ಹೊಸಪೇಟೆಯಲ್ಲಿ ಎಲೆಕ್ಟ್ರಿಕ್ ಕೆಲಸದ ಸಂಜೆ ತರಗತಿಯಲ್ಲಿ ಬರೆದುಕೊಂಡ ನೋಟ್ಸು ಮತ್ತೊಮ್ಮೆ ತೆಗೆದಳು. ಮೊದಲು ವೈರು ಕಾಯಿಸು, ಆಮೇಲೆ ಸೀಸ ಮುಟ್ಟಿಸು. ಹಾಗೇ ಮಾಡಿದ್ದಳು. ಆದರೂ ಸೀಸ ಹಿಡಿಯದೆ ಕಾದ ಹಂಚಿನ ಮೇಲಿನ ನೀರಹನಿಯಂತೆ ಗುಂಡಗಾಗಿ ಉರುಳುತ್ತಿತ್ತು.

ಸಂಡೂರಿನ ಗಣಿಯ ಕ್ರಷರಿನಲ್ಲಿ ತಮ್ಮ ಎರ್ರಿಯಪ್ಪನ ಬಲಗೈಯ ಮೂರು ಬೆರಳು ಹೋಗಿ ವರ್ಷವಾಗಿತ್ತು. ಮುಂಚೆ ಭಾನುವಾರ ಬಂದರೆ ಗೆಳೆಯ ಕಾಳಪ್ಪನ ಜೊತೆ ಟಿವಿಗೆ ಹಾಕಿ ಫೈಟಿಂಗ್ ಗೇಮ್ ಆಡುತ್ತಿದ್ದವನು ಈಗ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಅದಕ್ಕೇ ಅವಳು, ಬೆರಳಿಲ್ಲದೆಯೂ ಆಟ ಆಡಲು ಬರಲಿ ಎಂದು, ಪ್ಲೈವುಡ್ ಪೆಟ್ಟಿಗೆಯೊಂದಕ್ಕೆ ಅಂಗೈಯಲ್ಲಿ ಒತ್ತುವಂಥ ಎಂಟು ದೊಡ್ಡ ಬಟನ್ ಕೂರಿಸಿಕೊಟ್ಟಿದ್ದಳು. ಹೋದ ವಾರ ಆಟದ ನಡುವೆಯೇ ಒಂದೊಂದಾಗಿ ಬಟನ್ ಸತ್ತವು. ಇನ್ನೊಮ್ಮೆ ಕೆಟ್ಟರೆ ತನ್ನನ್ನು ಆಟಕ್ಕೆ ಕರೆಯಬಾರದು ಎಂದು ಎರ್ರಿಯಪ್ಪ ಪೆಟ್ಟಿಗೆ ಸರಿಸಿದ್ದ. ಇವತ್ತು ಐದಕ್ಕೆ ಕಾಳಪ್ಪ ಬರುವವನಿದ್ದ. ಆಗಲೇ ಮೂರೂವರೆ.

"ಬಿಟ್ಟುಬಿಡಕ್ಕ," ಅಂದ ಎರ್ರಿಯಪ್ಪ ಮಂಚದಿಂದಲೇ.

"ನನ್ನ ಕೈಯಾಗ ಏನೋ ತಪ್ಪೈತಿ. ಸುಮ್ನಿರು."

ವಾರವಿಡೀ ಅವಳು ಹಾಗೇ ಅಂದುಕೊಂಡಿದ್ದಳು. ಕಡೆಗೆ ವೈರಿನ ತುದಿಯನ್ನು ಬ್ಲೇಡಿನಿಂದ ಕೆರೆದು, ಒಂದಿಷ್ಟು ಕತ್ತರಿಸಿದಳು. ಬಿದ್ದ ತುಂಡು ಸ್ಕ್ರೂಡ್ರೈವರಿನ ಅಯಸ್ಕಾಂತದ ತುದಿಗೆ ಟಕ್ಕೆಂದು ಅಂಟಿತು. ತಾಮ್ರ ಅಂಟುವುದಿಲ್ಲ. ಇದು ಕಬ್ಬಿಣ.

ಅದು ಗಣಿಯ ಬ್ಲಾಸ್ಟಿಂಗ್ ವೈರು. ಬಂಡೆ ಸಿಡಿಸಿದ ಮೇಲೆ ಉಳಿಯುವ ಈ ಕೆಂಪು, ಹಳದಿ ವೈರಿನಿಂದ ಓಣಿಯವರೆಲ್ಲ ಬೇಲಿ ಕಟ್ಟುತ್ತಿದ್ದರು. ಎರ್ರಿಯಪ್ಪನೂ ಒಂದು ಸುರುಳಿ ಎತ್ತಿಟ್ಟಿದ್ದ. ಪೆಟ್ಟಿಗೆಗೆಂದು ಅವನಾಗಿಯೇ ತಂದುಕೊಟ್ಟದ್ದು ಅದೊಂದೇ.

ತಪ್ಪು ತನ್ನದೇ ಎಂದುಬಿಟ್ಟರೆ ಅವನ ಮನಸ್ಸು ಉಳಿಯುತ್ತದೆ. ಆದರೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ತ್ರಾಣ ಅವಳಲ್ಲಿರಲಿಲ್ಲ.

"ಎರ್ರಿ, ವೈರು ಕಬ್ಬಿಣದ್ದು. ಇದಕ್ಕ ಬೆಸುಗಿ ಹಿಡಿಯಂಗಿಲ್ಲ."

ಅವನು ಮಂಚದ ಮೇಲೆ ಅವಳ ಕಡೆ ಹೊರಳಿದ. ಅವಳು ತಲೆ ಎತ್ತಲಿಲ್ಲ.

"ಒಂದು ವಾರದಿಂದ ನಿನ್ನ ಕೈ ಬೈಕೊಂಡ್ಯಲ್ಲ," ಅಂದ. "ಬೇಲಿ ವೈರು ಕೊಟ್ಟೋನು ನಾನು." ಎದ್ದು ಕುಳಿತು, ತನ್ನ ಫೋನಿನ ಚಾರ್ಜರ್ ಕಿತ್ತು, ಅದರ ಕೇಬಲ್ಲಿನ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯತೊಡಗಿದ.

ಒಳಗಿನ ತಾಮ್ರದ ಎಳೆಗೆ ಸೀಸ ಮುಟ್ಟಿಸಿದ ಕೂಡಲೇ ಹರಡಿ ಕೂತಿತು. ಆದರೆ ವೈರು ಸಾಲದೆ ನಾಲ್ಕು ಬಟನ್‌ಗಷ್ಟೇ ಬಂತು.

"ಏನಲೇ, ಎದ್ದು ಕುಂತೀಯ?" ಅನ್ನುತ್ತ ಕಾಳಪ್ಪ ಒಳಗೆ ಬಂದ.

ಮೊದಲ ಆಟ ಎರ್ರಿಯಪ್ಪ ಸೋತ. ಎರಡನೆಯದನ್ನೂ ಸೋತ.

"ನಾಕ ಬಟನ್ ಅದಾವಲೇ. ಎಂಟಿದ್ರ ತೋರಿಸ್ತಿದ್ದೆ."

"ಎಂಟಿದ್ರ ಇನ್ನೂ ಜಲ್ದಿ ಸೋಲ್ತಿದ್ದಿ."

ಗಂಗೋತ್ರಿ ಗೋಡೆಗೆ ಒರಗಿ ಕುಳಿತಿದ್ದಳು. ಅವನ ಅಂಗೈ ಬಟನ್ ಮೇಲೆ ಬಿದ್ದಾಗಲೆಲ್ಲ ಟಿವಿಯ ಕಡೆ ನೋಡುತ್ತಿದ್ದಳು, ಒಳಗಿನ ಆಳು ಕೈ ಎತ್ತುತ್ತಾನೋ ಇಲ್ಲವೋ ಎಂದು. ಎತ್ತುತ್ತಿದ್ದ.

"ಇನ್ನೊಂದು ಆಟ ಹಾಕು," ಅಂದ ಎರ್ರಿಯಪ್ಪ.