ನಾಕೆಯಲ್ಲಿ ಸತ್ತ ಮೂರನೆಯವನು

ಹಂಪಣ್ಣ ಬರ್ಮಾದ ಯುದ್ಧದಲ್ಲಿ ಹವಾಲ್ದಾರನಾಗಿದ್ದವನು. ಪಲ್ಟನ್ ಬಿಟ್ಟು ಯಲಬುರ್ಗಾ ಸೀಮೆಯ ತನ್ನ ಹಳ್ಳಿಗೆ ಬಂದ ಮರುವರ್ಷವೇ ನಿಜಾಮನ ಕಡೆಯ ರಜಾಕಾರರ ಹಾವಳಿ ಶುರುವಾಯಿತು. ಅವನು ನಿಜಾಮನ ರಾಜ್ಯದ ಗಡಿಯಾಚೆ ಶಿಬಿರ ಹೂಡಿ, ಊರ ಹುಡುಗರಿಗೆ ಬಂದೂಕು ಹಿಡಿಯುವುದನ್ನು ಕಲಿಸಿದ. ನಲವತ್ತೆಂಟರ ಆಗಸ್ಟಿನಲ್ಲಿ ಅವರನ್ನು ಕಟ್ಟಿಕೊಂಡು ನಿಜಾಮನ ಸುಂಕದ ನಾಕೆಯೊಂದರ ಮೇಲೆ ಬಿದ್ದ. ಒಳಗಿದ್ದ ಮೂವರು ಸತ್ತರು. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿದಾಗ ಊರವರು ಹಂಪಣ್ಣನನ್ನು ಬಂಡಿಯಲ್ಲಿ ಕೂರಿಸಿ ಮೆರೆಸಿದರು.

ಅದೇ ವಾರ ಊರಿನ ಆರು ಮುಸಲ್ಮಾನ ಮನೆಗಳಿಗೆ ಬೆಂಕಿ ಬಿತ್ತು. ಜನ ಜೀವ ಹಿಡಿದುಕೊಂಡು ಗದಗಿನ ಕಡೆ ಓಡಿದರು. ನಾಕೆಯಲ್ಲಿ ಸತ್ತವರಲ್ಲಿ ಒಬ್ಬನಾದ ಜಿಲಾನಸಾಬನ ಹೆಂಡತಿ ದಾವಲಬೀ ಕೂಡ ಹೋದಳು. ಅವಳ ಹೊಲದಲ್ಲಿ ಅದೇ ಊರಿನ ದೇವೇಂದ್ರಪ್ಪ ನೇಗಿಲು ಹೂಡಿದ.

ಮರುವರ್ಷ ಊರ ಪಂಚಾಯತಿಗೆ ಮುಖ್ಯಸ್ಥನನ್ನು ಆರಿಸುವುದೆಂದಾಯಿತು. ದೇವೇಂದ್ರಪ್ಪ ನಿಂತ. ಸಾಲಿ ಮಾಸ್ತರ ಉಮಾಪತಿ ಹಂಪಣ್ಣನ ಮನೆಗೆ ಬಂದ. ಅವನ ಹಣೆಯ ಮೇಲೆ ಗಾಯದ ಕಲೆ ಇನ್ನೂ ಕೆಂಪಗಿತ್ತು.

"ಓಡಿಹೋದವ್ರು ತಿರುಗಿ ಬರ್ಲಿ, ಅವರ ಹೊಲ ಅವರಿಗೇ ಸಿಗ್ಲಿ ಅಂತ ಚಾವಡಿಯೊಳಗ ಅಂದೆ. ಕಲ್ಲು ಒಗೆದ್ರು," ಎಂದ ಉಮಾಪತಿ. "ನೀವು ನಿಲ್ರಿ, ಹವಾಲ್ದಾರ್ರ."

"ನನಗ ಅದೆಲ್ಲ ತಿಳಿಯಂಗಿಲ್ರಿ, ಮಾಸ್ತರ."

"ನಾ ಹೇಳಿದ್ರ ಅಂಜುಬುರುಕ, ತುರುಕರ ಕಡೆಯಾವ ಅಂತಾರ. ಅದೇ ಮಾತು ನೀವು ಹೇಳಿದ್ರ ಹಂಗ ಅನ್ನಾಕ ಯಾರಿಗೆ ಬಾಯಿ ಐತಿ? ನೀವು ಈ ಊರವರ ಸಲುವಾಗಿ ಗುಂಡು ಹಾರಿಸಿದವ್ರು."

"ಹಂಗಾರ ಜನ ನನ್ನ ಆರಿಸೋದು ನಾ ಕೊಂದೀನಂತ," ಎಂದ ಹಂಪಣ್ಣ. ಉಮಾಪತಿ ತಲೆ ತಗ್ಗಿಸಿದ. ಆದರೂ ಹಂಪಣ್ಣ ನಿಲ್ಲಲು ಒಪ್ಪಿ, ಓಡಿಹೋದವರ ಹೊಲ ಅವರಿಗೇ ಸಿಗಬೇಕೆಂದು ಊರಲ್ಲಿ ಹೇಳಿದ.

ಕೈ ಎತ್ತಿ ಆರಿಸುವ ದಿನ ಚಾವಡಿ ತುಂಬಿತ್ತು. ದೇವೇಂದ್ರಪ್ಪ ಎದ್ದು ಕೇಳಿದ: "ಮೂರು ಮಂದಿ ರಜಾಕಾರರನ್ನ ಕೆಡವಿದ ಗಂಡಸು ಈಗ ಅವರ ಹೆಂಡ್ರ ವಕಾಲತ್ತು ಮಾಡ್ತಾನೇನು?"

"ಇಬ್ಬರು," ಎಂದ ಹಂಪಣ್ಣ. "ರಜಾಕಾರರು ಇಬ್ಬರು. ಮೂರನೇ ಅವ ಜಿಲಾನಸಾಬ. ನಾಕೆಯೊಳಗ ಅಡಿಗಿ ಮಾಡಿಕೊಂಡಿದ್ದ. ಬಾಗಿಲು ತೆಗೆದು ಹೊರಗ ಬಂದಾಗ ಅವನ ಕೈಯಾಗ ಬಂದೂಕು ಇರಲಿಲ್ಲ. ನಾ ನೋಡಿದೆ. ನೋಡಿನೂ ಹೊಡೀರಿ ಅಂದೆ. ಅವನ ಹೊಲ ಅವನ ಹೆಂಡ್ತಿಗೆ ಸೇರಬೇಕು. ನಿಮಗ ಬ್ಯಾಡಾದ್ರ ನನಗ ಕೈ ಎತ್ತಬ್ಯಾಡ್ರಿ."

ಶಿಬಿರದಲ್ಲಿ ಅವನ ಜೊತೆಗಿದ್ದ ಹುಲಗಪ್ಪ ಮೊದಲು ಕೈ ಎತ್ತಿದ. ಆಮೇಲೆ ಒಬ್ಬೊಬ್ಬರಾಗಿ ಎತ್ತಿದರು. ಅವರಲ್ಲಿ ಎಷ್ಟೋ ಜನಕ್ಕೆ ಅವನ ಮಾತು ಹಿಡಿಸಿರಲಿಲ್ಲ. ಆದರೂ ಬಂಡಿಯಲ್ಲಿ ಮೆರೆಸಿದವನ ಎದುರು ಕೈ ಕೆಳಗಿಡಲು ಅವರಿಗೆ ನಾಚಿಕೆಯಾಯಿತು. ಹಂಪಣ್ಣ ಗೆದ್ದ.

ತಿಂಗಳೊಪ್ಪತ್ತಿನಲ್ಲಿ ದೇವೇಂದ್ರಪ್ಪ ಹೊಲ ಬಿಟ್ಟ. ಗದಗಿನಿಂದ ದಾವಲಬೀ ಬಂದಳು. ಹಂಪಣ್ಣ ಉಮಾಪತಿಯ ಜೊತೆ ಹೊಲದ ಕಾಗದ ಹಿಡಿದು ನಿಂತಿದ್ದ. ಅವಳು ಕೈ ಚಾಚಲಿಲ್ಲ.

"ಚಾವಡಿಯಾಗ ನೀವು ಅಂದದ್ದು ಕೇಳೀನ್ರಿ," ಎಂದಳು. "ನನ್ನ ಗಂಡ ಕಡೀಕ ಏನರ ಅಂದ್ನೇನು?"

"ನೀರು ಕೇಳಿದ, ತಂಗಿ."

"ಕೊಟ್ರೇನು?"

"ಇಲ್ಲ. ಪೊಲೀಸರ ಲಾರಿ ಸಪ್ಪಳ ಕೇಳಿಸ್ತು. ಬಿಟ್ಟು ಓಡಿದ್ವಿ."

ಅವಳು ಕಾಗದದ ಕಡೆ ನೋಡಿದಳು. ಅಳಲಿಲ್ಲ. "ನನಗ ಮಕ್ಕಳದಾವು. ಹೊಲ ಬೇಕು," ಎಂದಳು. "ಆದ್ರ ಅದನ್ನ ಮಾಸ್ತರ ಕೈಯಾಗ ಕೊಡ್ರಿ. ನಾ ಅವರ ಕಡೆಯಿಂದ ತಗೋತೀನಿ."

ಹಂಪಣ್ಣ ಕಾಗದವನ್ನು ಉಮಾಪತಿಗೆ ಕೊಟ್ಟ.

ಆ ವರ್ಷ ಇನ್ನೆರಡು ಮನೆಯವರು ಮರಳಿದರು. ಉಳಿದ ಮೂರು ಮನೆಯವರು ಬರಲೇ ಇಲ್ಲ. ದಾವಲಬೀ ಅದೇ ಊರಲ್ಲಿ ಬಾಳಿದಳು. ಬಾವಿಗೆ ಹೋಗುವಾಗ ಹಂಪಣ್ಣನ ಓಣಿ ಬಿಟ್ಟು ಸುತ್ತಿನ ದಾರಿಯಲ್ಲೇ ಹೋಗುತ್ತಿದ್ದಳು. ಹಂಪಣ್ಣನೂ ಅವಳಿಗೆ ಎದುರಾಗದಂತೆ ನೋಡಿಕೊಂಡ.